ಮೊದಲು ಮುಖಕ್ಕೆ, ಆಮೇಲೆ ಬೆನ್ನಿಗೆ

ದಮ್ಮಾಮ್‌ನಲ್ಲಿ ಉದ್ಯೋಗದಲ್ಲಿರುವ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಮೊನ್ನೆ ಫೋನ್ ಮಾಡಿದ್ದ. ಸಲಾಮ್ ಹೇಳಿ, ಊರಿನ ಕ್ಷೇಮ ಸಮಾಚಾರ ವಿಚಾರಿಸಿ, ಸ್ವಲ್ಪ ಹೊತ್ತು ಸುಮ್ಮನಿದ್ದು, "ಉಸ್ತಾದ್, ಒಂದು ವಿಷಯ ಕೇಳಬೇಕಿತ್ತು. ನೀವು ನಗಬಾರದು" ಎಂದ. ವಿಷಯ ಇಷ್ಟೆ. ಡಿಸೆಂಬರ್‌ನಲ್ಲಿ ಅವನಿಗೆ ಒಂದು ತಿಂಗಳ ರಜೆಯಿದೆ. ಮದುವೆಯಾಗಿ ಮೂರು ವರ್ಷವಾಯಿತು. ಪ್ರತಿಸಲದ ರಜೆಯೂ ಸಂಬಂಧಿಕರ ಮನೆ, ಮದುವೆ ಮನೆ, ಆಸ್ಪತ್ರೆ, ಬ್ಯಾಂಕು ಎಂದು ಸುತ್ತಾಡುವುದರಲ್ಲೇ ಮುಗಿದುಹೋಗಿದೆ. ಈ ಸಲ ಗಂಡ ಹೆಂಡತಿ ಇಬ್ಬರೂ ಮುರುಡೇಶ್ವರದಲ್ಲಿ ನಾಲ್ಕು ದಿನ ಉಳಿದು, ನೇತ್ರಾಣಿ ದ್ವೀಪದ ಬಳಿ ಸ್ಕೂಬಾ ಡೈವಿಂಗ್ ಕಲಿತು ಸರ್ಟಿಫಿಕೇಟ್ ಪಡೆಯಬೇಕೆಂದು ನಿರ್ಧರಿಸಿದ್ದಾರೆ. ಅಲ್ಲಿನ ಅಂಗಡಿಯೊಂದರಲ್ಲಿ ಡೈವಿಂಗ್ ಸಲಕರಣೆಗಳ ಇಡೀ ಸೆಟ್ಟಿಗೆ ರಿಯಾಯಿತಿ ಹಾಕಿದ್ದಾರಂತೆ. ಇಬ್ಬರಿಗೂ ಕೊಂಡರೆ ಅವನ ಎರಡು ತಿಂಗಳ ಸಂಬಳ ಹೋಗುತ್ತದೆ. ಹೆಂಡತಿಯ ವಾದ ಬೇರೆ. ಎಲ್ಲವೂ ಅಲ್ಲೇ ಬಾಡಿಗೆಗೆ ಸಿಗುವಾಗ ಒಂದು ಪೈಸೆಯದ್ದೂ ಬೇಡ ಎನ್ನುತ್ತಾಳೆ.

ಇದನ್ನು ನನ್ನ ಬಳಿ ಕೇಳಲು ಕಾರಣವಿದೆ. ಕೆಲವು ವರ್ಷಗಳ ಹಿಂದೆ ಶಾಲೆಯ ಸಹೋದ್ಯೋಗಿಗಳ ಜೊತೆ ನೇತ್ರಾಣಿಗೆ ಹೋಗಿ ನೀರಿಗಿಳಿದಿದ್ದೆ. ಅದರ ರುಚಿ ಹತ್ತಿ ಮುಂದಿನ ವರ್ಷ ಕೋರ್ಸನ್ನೂ ಮಾಡಿದೆ. ಆ ಕತೆಯನ್ನು ತರಗತಿಯಲ್ಲಿ ಎಷ್ಟು ಸಲ ಹೇಳಿದ್ದೇನೋ ಲೆಕ್ಕವಿಲ್ಲ. ಮಕ್ಕಳು ವ್ಯಾಕರಣ ಮರೆಯುತ್ತಾರೆ, ಇಂಥದ್ದನ್ನು ಮರೆಯುವುದಿಲ್ಲ.

ಗಂಡ ಹೆಂಡತಿ ಇಬ್ಬರ ಮಾತಿನಲ್ಲೂ ಅರ್ಧರ್ಧ ಸತ್ಯವಿದೆ ಎಂದು ನಾನು ಹೇಳಿದೆ. ಇಂದು ಗಲ್ಫ್‌ನಿಂದ ಬರುವ ನಮ್ಮ ಯುವಕರಲ್ಲಿ ಅನೇಕರು ನೇತ್ರಾಣಿ, ಅಂಡಮಾನ್, ಲಕ್ಷದ್ವೀಪ ಎಂದು ಹೊರಡುವುದನ್ನು ಕಾಣುತ್ತಿದ್ದೇವೆ. ಆದ್ದರಿಂದ ಅವನಿಗೆ ಹೇಳಿದ್ದನ್ನು ಇಲ್ಲಿಯೂ ಸ್ವಲ್ಪ ವಿವರವಾಗಿ ಬರೆದರೆ ಯಾರಿಗಾದರೂ ಉಪಯೋಗವಾದೀತು.

ಮೊದಲು ಒಂದು ವ್ಯತ್ಯಾಸ ತಿಳಿದಿರಬೇಕು. ನೇತ್ರಾಣಿಗೆ ಹೋಗುವವರಲ್ಲಿ ಹೆಚ್ಚಿನವರು ಮಾಡುವುದು ಕೋರ್ಸ್ ಅಲ್ಲ, ಒಂದು ದಿನದ ಪರಿಚಯದ ಡೈವ್. ಅದಕ್ಕೆ ಈಜು ಬರಬೇಕೆಂದಿಲ್ಲ. ತರಬೇತುದಾರ ನಿಮ್ಮನ್ನು ಹಿಡಿದುಕೊಂಡೇ ಇರುತ್ತಾನೆ, 12 ಮೀಟರ್‌ಗಿಂತ ಆಳಕ್ಕೆ ಕರೆದೊಯ್ಯುವುದಿಲ್ಲ. ಇಷ್ಟೇ ಉದ್ದೇಶವಾಗಿದ್ದರೆ ಏನನ್ನೂ ಕೊಳ್ಳಬೇಡಿ, ಈ ಲೇಖನವನ್ನು ಇಲ್ಲಿಗೇ ನಿಲ್ಲಿಸಿದರೂ ನಷ್ಟವಿಲ್ಲ. ಮೂರು ನಾಲ್ಕು ದಿನದ ಕೋರ್ಸ್ ಹಾಗಲ್ಲ. ಅದು ಮುಗಿದ ಮೇಲೆ ನೀವು ಇನ್ನೊಬ್ಬ ಡೈವರ್ ಜೊತೆ 18 ಮೀಟರ್ ಆಳದವರೆಗೆ ಇಳಿಯಲು ಅರ್ಹರಾಗುತ್ತೀರಿ. ಹಿಡಿದುಕೊಳ್ಳಲು ಯಾರೂ ಇರುವುದಿಲ್ಲ. ಆದ್ದರಿಂದ ಕಲಿಯುವ ಮೊದಲು 200 ಮೀಟರ್ ಈಜಬೇಕು, 10 ನಿಮಿಷ ನೀರಿನಲ್ಲಿ ತೇಲಿರಬೇಕು ಎಂಬ ಪರೀಕ್ಷೆಯಿದೆ.

"ನಿನ್ನ ಮನೆಯವಳಿಗೆ ಈಜು ಬರುತ್ತದೆಯಾ?" ಎಂದು ಕೇಳಿದೆ. ಅವನು ತಡವರಿಸಿದ. ಸಲಕರಣೆಯ ಬೆಲೆ, ಬಣ್ಣ, ಕಂಪೆನಿ ಎಲ್ಲವನ್ನೂ ವಿಚಾರಿಸಿದವನಿಗೆ ಇದು ಹೊಳೆದಿರಲಿಲ್ಲ. ನಮ್ಮ ಹೊಳೆ ಬದಿಯ ಊರುಗಳಲ್ಲಿ ಗಂಡು ಹುಡುಗರೆಲ್ಲ ಯಾರೂ ಕಲಿಸದೆ ಈಜು ಕಲಿಯುತ್ತಾರೆ. ಅವರ ಅಕ್ಕ ತಂಗಿಯರು ದಡದಲ್ಲಿ ಬಟ್ಟೆ ಕಾಯುತ್ತಾ ಕೂತಿರುತ್ತಾರೆ. ಆ ಹುಡುಗಿಯರು ದೊಡ್ಡವರಾದ ಮೇಲೆ ನೀರೆಂದರೆ ಹೆದರುತ್ತಾರೆಂದು ನಾವೇ ತಮಾಷೆ ಮಾಡುತ್ತೇವೆ. ರಜೆಗೆ ಇನ್ನೂ ಎರಡು ತಿಂಗಳಿದೆ. ಮಹಿಳೆಯರಿಗಾಗಿಯೇ ಪ್ರತ್ಯೇಕ ಸಮಯ, ಮಹಿಳಾ ತರಬೇತುದಾರರು ಇರುವ ಈಜುಕೊಳಗಳು ಈಗ ಅನೇಕ ನಗರಗಳಲ್ಲಿವೆ. ಮೊದಲ ಹಣ ಅಲ್ಲಿಗೆ ಹೋಗಲಿ.

ಇನ್ನೊಂದು ಕಾಗದದ ಕೆಲಸವೂ ಇದೆ. ಕೋರ್ಸಿಗೆ ಸೇರುವಾಗ ಆರೋಗ್ಯದ ಬಗ್ಗೆ ಒಂದು ಫಾರಂ ಕೊಡುತ್ತಾರೆ. ಉಬ್ಬಸ, ಹೃದಯದ ತೊಂದರೆ, ಮೂರ್ಛೆರೋಗ, ಕಿವಿಯ ಶಸ್ತ್ರಚಿಕಿತ್ಸೆ ಇಂಥವುಗಳಲ್ಲಿ ಯಾವುದಾದರೂ ಇದ್ದರೆ ವೈದ್ಯರ ಸಹಿ ಬೇಕು. ಗರ್ಭಿಣಿಯರು ಡೈವಿಂಗ್ ಮಾಡಲೇಬಾರದು. ಆ ಫಾರಂ ಅನ್ನು ಮೊದಲೇ ತರಿಸಿಕೊಂಡು ಓದಿ. ದಡದಲ್ಲಿ ನಿಂತು ದೋಣಿ ಹೊರಡುವ ಅವಸರದಲ್ಲಿ ಎಲ್ಲದಕ್ಕೂ "ಇಲ್ಲ" ಎಂದು ಗುರುತು ಹಾಕುವವರನ್ನು ನಾನು ಕಣ್ಣಾರೆ ಕಂಡಿದ್ದೇನೆ.

ಇವೆರಡೂ ಆಯಿತೆಂದುಕೊಳ್ಳೋಣ. ಈಗ ಅಂಗಡಿಗೆ ಹೋಗಿ ಒಂದೇ ವಸ್ತು ಕೊಳ್ಳುವುದಾದರೆ ಯಾವುದು? ಮಾಸ್ಕ್. ಕೊರೋನಾ ಕಾಲದಲ್ಲಿ ನಾವೆಲ್ಲ ಮೂಗಿಗೆ ಕಟ್ಟಿಕೊಂಡದ್ದಲ್ಲ, ಕಣ್ಣು ಮೂಗು ಎರಡನ್ನೂ ಮುಚ್ಚುವ ಗಾಜಿನ ಮಾಸ್ಕ್.

ಕಣ್ಣಿಗೆ ಮಾತ್ರ ಹಾಕುವ ಈಜಿನ ಕನ್ನಡಕ ಸಾಲದೇ ಎಂದು ಅನೇಕರು ಕೇಳುತ್ತಾರೆ. ಸಾಲದು. ನೀರಿನ ಮೇಲೆ ನಮ್ಮ ಮೇಲಿರುವ ಗಾಳಿಯ ಒತ್ತಡ ಒಂದು ಪಾಲು ಎಂದಿಟ್ಟುಕೊಳ್ಳಿ. ಸಮುದ್ರದಲ್ಲಿ 10 ಮೀಟರ್ ಇಳಿದಾಗ ಅದು ಎರಡು ಪಾಲಾಗುತ್ತದೆ, 20 ಮೀಟರ್‌ನಲ್ಲಿ ಮೂರು. ಒತ್ತಡ ಹೆಚ್ಚಿದಂತೆ ಮುಖದ ಮುಂದಿರುವ ಗಾಳಿ ಕುಗ್ಗುತ್ತದೆ, 10 ಮೀಟರ್‌ನಲ್ಲಿ ಅದರ ಗಾತ್ರ ಅರ್ಧಕ್ಕಿಳಿಯುತ್ತದೆ. ಕುಗ್ಗಿದ ಜಾಗವನ್ನು ತುಂಬದಿದ್ದರೆ ಅದು ಹೀರುಬಟ್ಟಲಿನಂತೆ ಕಣ್ಣನ್ನೇ ಹೊರಗೆಳೆಯತೊಡಗುತ್ತದೆ, ಕಣ್ಣಿನ ಸಣ್ಣ ರಕ್ತನಾಳಗಳು ಒಡೆದು ಬಿಳಿಗುಡ್ಡೆ ಕೆಂಪಾಗುತ್ತದೆ. ಮಾಸ್ಕಿನೊಳಗೆ ಮೂಗಿದ್ದರೆ ಮೂಗಿನಿಂದ ಸ್ವಲ್ಪ ಉಸಿರು ಬಿಟ್ಟರಾಯಿತು, ಒಳಗಿನ ಒತ್ತಡ ಸಮನಾಗುತ್ತದೆ. ಹೊರಗಿನಿಂದ ಮೂಗನ್ನು ಹಿಡಿದು ಕಿವಿಯ ಒತ್ತಡ ಸರಿಪಡಿಸಲೂ ಬರಬೇಕು. ಮುಖವನ್ನೆಲ್ಲ ಮುಚ್ಚಿ ಮೇಲಕ್ಕೊಂದು ಕೊಳವೆಯಿರುವ ಹೊಸ ಮಾದರಿಯ ಮಾಸ್ಕ್‌ಗಳು ಅಂಗಡಿಗಳಲ್ಲಿ ಆಕರ್ಷಕವಾಗಿ ಕಾಣುತ್ತವೆ. ಅವು ನೀರಿನ ಮೇಲೆ ತೇಲುತ್ತಾ ಕೆಳಗೆ ನೋಡುವವರಿಗೆ, ಸ್ಕೂಬಾಕ್ಕಲ್ಲ.

ಇದು ಹೊಸ ತಿಳಿವಳಿಕೆಯೇನೂ ಅಲ್ಲ. ಹದಿನಾಲ್ಕನೆಯ ಶತಮಾನದ ಪ್ರವಾಸಿ ಇಬ್ನ್ ಬತೂತಾ ಗಲ್ಫ್‌ನ ಮುತ್ತು ತೆಗೆಯುವ ಮುಳುಗುಗಾರರ ಬಗ್ಗೆ ಬರೆಯುವಾಗ, ಅವರು ಆಮೆಯ ಚಿಪ್ಪಿನಿಂದ ಮಾಡಿದ ಮುಖಮುಚ್ಚಳವನ್ನು ಧರಿಸಿ, ಅದರಿಂದಲೇ ಮಾಡಿದ ಕತ್ತರಿಯಂಥ ವಸ್ತುವನ್ನು ಮೂಗಿಗೆ ಸಿಕ್ಕಿಸಿ, ಸೊಂಟಕ್ಕೆ ಹಗ್ಗ ಕಟ್ಟಿಕೊಂಡು ಇಳಿಯುತ್ತಿದ್ದರೆಂದು ವಿವರಿಸಿದ್ದಾನೆ. ಆ ಮೂಗಿನ ಚಿಮ್ಮಟವನ್ನು ಅಲ್ಲಿನವರು ಫಿತಾಮ್ ಎನ್ನುತ್ತಾರೆ. ನೀರಿಗಿಳಿಯುವವನು ಗೈಸ್, ಮೇಲೆ ದೋಣಿಯಲ್ಲಿ ಹಗ್ಗ ಹಿಡಿದು ಅವನನ್ನು ಎಳೆದುಕೊಳ್ಳುವವನು ಸೈಬ್. ಜಪಾನಿನ ಸಾಕಿದ ಮುತ್ತು ಮಾರುಕಟ್ಟೆಗೆ ಬಂದು 1930ರ ದಶಕದಲ್ಲಿ ಆ ಕಸುಬು ನೆಲಕಚ್ಚುವವರೆಗೂ ಗಲ್ಫ್‌ನ ಕರಾವಳಿಯ ಎಷ್ಟೋ ಮನೆಗಳಲ್ಲಿ ಒಲೆ ಉರಿದದ್ದು ಇದರಿಂದ. ನಮ್ಮ ಹುಡುಗರು ಕೆಲಸ ಮಾಡುವ ಅದೇ ತೀರ. ಅಂದಹಾಗೆ ಇಬ್ನ್ ಬತೂತಾ ನೇತ್ರಾಣಿಗೆ ಸಮೀಪದ ನಮ್ಮ ಹೊನ್ನಾವರಕ್ಕೂ ಬಂದಿದ್ದ, ಅಲ್ಲಿ ಹೆಣ್ಣುಮಕ್ಕಳಿಗಾಗಿ 13 ಪಾಠಶಾಲೆಗಳಿದ್ದುದನ್ನು ಬೆರಗಿನಿಂದ ದಾಖಲಿಸಿದ್ದಾನೆ. ಲೇಖನದ ವಿಷಯ ಅದಲ್ಲವಾದರೂ ಹೇಳದೆ ಮುಂದೆ ಹೋಗಲು ಮನಸ್ಸಾಗಲಿಲ್ಲ.

ಬಾಡಿಗೆಗೆ ಮಾಸ್ಕ್ ಸಿಗುವುದಿಲ್ಲವೇ? ಸಿಗುತ್ತದೆ. ನನ್ನ ಮೊದಲ ಡೈವ್‌ನಲ್ಲಿ ಬುಟ್ಟಿಯೊಂದರಿಂದ ತೆಗೆದುಕೊಟ್ಟ ಮಾಸ್ಕ್ ನನ್ನ ಮುಖಕ್ಕಿಂತ ಅಗಲವಿತ್ತು. ಕೆಳಗೆ ಗಿಳಿಮೀನು, ಹವಳ, ಬಂಡೆಯ ಸಂದಿಯಲ್ಲಿ ಏನೇನೋ ಇದ್ದವೆಂದು ಜೊತೆಗಿದ್ದವರು ದೋಣಿಯಲ್ಲಿ ಹೇಳಿಕೊಳ್ಳುತ್ತಿದ್ದರು. ನಾನು ಕಂಡದ್ದು ಕಣ್ಣಿನ ಮಟ್ಟಕ್ಕೆ ಏರಿಳಿಯುವ ಉಪ್ಪುನೀರನ್ನು ಮಾತ್ರ. ಇಪ್ಪತ್ತೈದು ನಿಮಿಷದಲ್ಲಿ ಹದಿನೈದು ಸಲವಾದರೂ ಅದನ್ನು ಊದಿ ಹೊರಹಾಕಿರಬೇಕು. ನನಗೆ ಬಾಲ್ಯದಿಂದ ನೀರಿನ ಪರಿಚಯವಿತ್ತು, ಸಹಿಸಿಕೊಂಡೆ. ಹೊಸಬರಿಗೆ ಮೂಗಿನಲ್ಲಿ ನೀರು ಬಂದಾಗ ಉಸಿರು ಕಟ್ಟಿದಂತಾಗಿ ಗಾಬರಿ ಹುಟ್ಟುತ್ತದೆ. ಗಾಬರಿಯಾದವನು ಮೊದಲು ಮಾಡುವ ಕೆಲಸ ಉಸಿರು ಬಿಗಿಹಿಡಿದು ಮೇಲಕ್ಕೆ ಧಾವಿಸುವುದು. ಕೆಳಗೆ ಒತ್ತಡದಲ್ಲಿ ತುಂಬಿಕೊಂಡ ಗಾಳಿ ಮೇಲೆ ಬರುತ್ತಾ ಶ್ವಾಸಕೋಶದೊಳಗೆ ಹಿಗ್ಗುತ್ತದೆ, ಕೆಲವೇ ಮೀಟರ್‌ಗಳಲ್ಲಿ ಪ್ರಾಣಾಪಾಯ ತರಬಲ್ಲದು. ಸಣ್ಣದೊಂದು ಸೋರಿಕೆ ಎಲ್ಲಿಗೆ ಮುಟ್ಟಬಹುದು ನೋಡಿ. ಒಂದು ಮುಖಕ್ಕೆ ಹೊಂದುವ ಮಾಸ್ಕ್ ಇನ್ನೊಂದು ಮುಖಕ್ಕೆ ಹೊಂದುವುದಿಲ್ಲ, ಆದ್ದರಿಂದಲೇ ಅದು ಸ್ವಂತದ್ದಾಗಿರಬೇಕು.

ಹೊಂದುತ್ತದೆಯೇ ಎಂದು ಪರೀಕ್ಷಿಸುವುದು ಬಹಳ ಸುಲಭ. ಪಟ್ಟಿಯನ್ನು ತಲೆಗೆ ಹಾಕಬೇಡಿ. ಮುಖವನ್ನು ಸ್ವಲ್ಪ ಮೇಲೆತ್ತಿ ಮಾಸ್ಕನ್ನು ಸುಮ್ಮನೆ ಮುಖದ ಮೇಲಿಡಿ, ಅಂಚು ಸುತ್ತಲೂ ಚರ್ಮಕ್ಕೆ ತಾಗುತ್ತಿದೆಯೇ ಎಂದು ಬೆರಳಿನಿಂದ ನೋಡಿ. ಮೂಗಿನಿಂದ ಮೆಲ್ಲನೆ ಉಸಿರೆಳೆದು ಕೈಬಿಟ್ಟು ತಲೆ ನೆಟ್ಟಗೆ ಮಾಡಿ. ಬೀಳದೆ ಅಂಟಿಕೊಂಡಿದ್ದರೆ ಸರಿ. ಆಮೇಲೆ ಉಸಿರಾಡುವ ಬಾಯಿತುಂಡನ್ನು ಹಲ್ಲಿನಲ್ಲಿ ಕಚ್ಚಿ ಇನ್ನೊಮ್ಮೆ ನೋಡಿ, ಏಕೆಂದರೆ ಬಾಯಿ ತೆರೆದಾಗ ಕೆನ್ನೆಯ ಆಕಾರ ಬದಲಾಗುತ್ತದೆ. ಮೂಗಿನ ಮೇಲ್ತುದಿಗೆ, ಹಣೆಗೆ ಗಾಜಿನ ಚೌಕಟ್ಟು ಒತ್ತಬಾರದು. ಅಂಗಡಿಯಲ್ಲಿ ಒಂದು ನಿಮಿಷ ಒತ್ತಿದ್ದು ನೀರಿನಲ್ಲಿ ಅರ್ಧ ಗಂಟೆಗೆ ತಲೆನೋವಾಗುತ್ತದೆ. ಅಂಚು ಪ್ಲಾಸ್ಟಿಕ್ಕಿನದ್ದಾಗಿರದೆ ಮೆತ್ತಗಿನ ಸಿಲಿಕೋನ್‌ನದ್ದಾಗಿರಲಿ, ಗಾಜಿನ ಮೇಲೆ ಟೆಂಪರ್ಡ್ ಎಂಬ ಗುರುತಿರಲಿ. ಸಾಮಾನ್ಯ ಗಾಜು ಒಡೆದರೆ ಚೂಪಾದ ಚೂರು ಕಣ್ಣಿನ ಪಕ್ಕದಲ್ಲೇ ಇರುತ್ತದೆ. ಬಣ್ಣ, ಕಂಪೆನಿ, ಬೆಲೆ ಎಲ್ಲ ಆಮೇಲಿನ ಮಾತು. ಮುಖಕ್ಕೆ ಕೂರದ ದುಬಾರಿ ಮಾಸ್ಕ್‌ಗಿಂತ ಕೂರುವ ಸಾಧಾರಣ ಮಾಸ್ಕ್ ಎಷ್ಟೋ ಮೇಲು. ಆನ್‌ಲೈನ್‌ನಲ್ಲಿ ಚಿತ್ರ ನೋಡಿ ತರಿಸುವ ವಸ್ತು ಇದಲ್ಲವೆಂಬುದು ಇಷ್ಟರಲ್ಲೇ ಅರ್ಥವಾಗಿರಬೇಕು.

ಗಡ್ಡವಿರುವವರು ನನ್ನ ಬಳಿ ಆತಂಕದಿಂದ ಕೇಳುವುದುಂಟು. ಗಡ್ಡದಿಂದ ತೊಂದರೆಯಿಲ್ಲ. ಮಾಸ್ಕಿನ ಕೆಳ ಅಂಚು ಕೂರುವುದು ಮೂಗಿನ ಕೆಳಗೆ, ಮೇಲ್ದುಟಿಯ ಮೇಲೆ. ನೀರು ನುಸುಳುವುದು ಮೀಸೆಯ ಕೂದಲಿನ ನಡುವೆ. ಮೀಸೆ ಕತ್ತರಿಸಿ ಗಡ್ಡ ಬಿಡುವ ನಮ್ಮ ರೂಢಿ ಇಲ್ಲಿ ಉಪಕಾರಕ್ಕೆ ಬರುತ್ತದೆ! ಆದರೂ ಸೋರಿದರೆ ಸಿಲಿಕೋನ್ ಗ್ರೀಸ್ ಸ್ವಲ್ಪ ಹಚ್ಚಬಹುದು. ವ್ಯಾಸಲೀನ್ ಬೇಡ, ಅದು ಮಾಸ್ಕಿನ ಅಂಚನ್ನು ಕೆಡಿಸಬಹುದು.

ತಲೆವಸ್ತ್ರ ಧರಿಸುವ ಸಹೋದರಿಯರಿಗೆ ನೆನಪಿರಬೇಕಾದದ್ದು ಒಂದೇ: ಮಾಸ್ಕಿನ ಅಂಚಿಗೂ ಚರ್ಮಕ್ಕೂ ನಡುವೆ ಬಟ್ಟೆಯ ಅಂಚಾಗಲಿ ಒಂದೆಳೆ ಕೂದಲಾಗಲಿ ಸಿಕ್ಕಿಕೊಳ್ಳಬಾರದು. ಈಜಿಗೆಂದೇ ಇರುವ ತೆಳುವಾದ ತಲೆಗವಸನ್ನು ಮೊದಲು ಹಾಕಿ, ಅದರ ಅಂಚು ಮಾಸ್ಕಿನ ಹೊರಗೆ ಉಳಿಯುವಂತೆ ಮಾಡಿ, ಪಟ್ಟಿಯನ್ನು ಗವಸಿನ ಮೇಲಿನಿಂದ ಎಳೆದುಕೊಳ್ಳಿ. ಪಿನ್ನು ಬೇಡ. ಕಿವಿಯನ್ನು ಗಾಳಿಯಾಡದಂತೆ ಬಿಗಿಯುವ ಗವಸೂ ಬೇಡ, ಕಿವಿಯೊಳಗೆ ನೀರು ಹೋಗಲೇಬೇಕು, ಇಲ್ಲವಾದರೆ ಇಳಿಯುವಾಗ ನೋವು ಬರುತ್ತದೆ. ಡೈವಿಂಗ್‌ನ ಉಡುಪು ಹೇಗೂ ಕುತ್ತಿಗೆಯಿಂದ ಕಾಲಿನವರೆಗೆ ಮೈ ಮುಚ್ಚುವಂಥದ್ದೇ. ಅದರ ಮೇಲೆ ಮೊಣಕಾಲಿನವರೆಗಿನ ಈಜು ಉಡುಪು ಧರಿಸುವವರೂ ಇದ್ದಾರೆ. ಆದರೆ ಸಡಿಲವಾದ ಉದ್ದದ ಬಟ್ಟೆಯೊಂದಿಗೆ ಇಳಿಯುವ ಹಟ ಬೇಡ. ಅದು ನೀರನ್ನು ಹಿಡಿದು ಎಳೆಯುತ್ತದೆ, ಸಲಕರಣೆಯ ಬಕಲುಗಳಿಗೆ ಸುತ್ತಿಕೊಳ್ಳುತ್ತದೆ. ಮಹಿಳಾ ತರಬೇತುದಾರರು ಬೇಕಿದ್ದರೆ ಬುಕ್ ಮಾಡುವಾಗಲೇ ಕೇಳಬೇಕು. ದೋಣಿ ಹತ್ತಿದ ಮೇಲೆ ಕೇಳಿದರೆ ಅವರಾದರೂ ಎಲ್ಲಿಂದ ತಂದಾರು?

ನನ್ನ ವಿದ್ಯಾರ್ಥಿಯ ಹೆಂಡತಿ ಕನ್ನಡಕ ಹಾಕುವವಳು. ಕನ್ನಡಕದ ಕಡ್ಡಿ ಮಾಸ್ಕಿನ ಅಂಚಿನಡಿಗೆ ಬರುವುದರಿಂದ ಅದನ್ನು ಹಾಕಿಕೊಂಡು ಇಳಿಯಲಾಗದು. ಎರಡು ಪ್ರತ್ಯೇಕ ಗಾಜುಗಳಿರುವ ಮಾಸ್ಕ್‌ಗಳಲ್ಲಿ ಕೆಲವಕ್ಕೆ ದೂರದೃಷ್ಟಿಯ ಪವರ್ ಇರುವ ಗಾಜುಗಳು ಸಿದ್ಧವಾಗಿ ಸಿಗುತ್ತವೆ, ಅಂಗಡಿಯವರೇ ಬದಲಿಸಿಕೊಡುತ್ತಾರೆ. ನೀರಿನಲ್ಲಿ ಎಲ್ಲವೂ ಸುಮಾರು ಮೂರರಲ್ಲೊಂದು ಪಾಲು ದೊಡ್ಡದಾಗಿ ಕಾಣುವುದರಿಂದ ಪವರ್ ತೀರಾ ಕಡಿಮೆಯಿದ್ದವರು ಸಾದಾ ಗಾಜಿನಲ್ಲೇ ಸುಧಾರಿಸಬಹುದು. ಅವಳ ಪವರ್ ಹಾಗಿಲ್ಲ. ಗಾಳಿಯ ಮಾಪಕದ ಮುಳ್ಳು ಎಲ್ಲಿದೆಯೆಂದು ಓದಲಾಗದವಳನ್ನು ನೀರಿಗಿಳಿಸುವುದು ಹೇಗೆ? ಏನನ್ನೂ ಕೊಳ್ಳುವುದು ಬೇಡವೆಂದು ವಾದಿಸುತ್ತಿದ್ದವಳಿಗೇ ಇಬ್ಬರಲ್ಲಿ ಹೆಚ್ಚು ಅಗತ್ಯ ಬಿದ್ದದ್ದು ಹೀಗೆ.

ಹೊಸ ಮಾಸ್ಕ್ ಮಂಜಾಗುತ್ತದೆ. ತಯಾರಿಸುವಾಗ ಗಾಜಿನ ಮೇಲೆ ತೆಳುವಾದ ಪದರ ಉಳಿದಿರುತ್ತದೆ. ಬಿಳಿಯ ಸಾಧಾರಣ ಟೂತ್‌ಪೇಸ್ಟನ್ನು ಒಳಬದಿಗೆ ಹಚ್ಚಿ ಬೆರಳಿನಿಂದ ಚೆನ್ನಾಗಿ ಉಜ್ಜಿ ತೊಳೆಯಿರಿ, ಎರಡು ಮೂರು ಸಲ. ಪ್ರತಿ ಡೈವಿಗೂ ಮುಂಚೆ ಮಕ್ಕಳ ಶಾಂಪೂವನ್ನು ನೀರು ಬೆರೆಸಿ ಒಂದು ಹನಿ ಸವರಿ ಅಲುಬಿದರೆ ಸಾಕು. ಉಗುಳು ಹಚ್ಚುವವರೇ ಹೆಚ್ಚು, ಅದೂ ಕೆಲಸ ಮಾಡುತ್ತದೆ.

ಹಾಗಾದರೆ ಉಸಿರು ಕೊಡುವ ರೆಗ್ಯುಲೇಟರ್ ಮುಖ್ಯವಲ್ಲವೇ, ಅದನ್ನೇ ಮೊದಲು ಕೊಳ್ಳಬಾರದೇ ಎಂದು ಅವನು ಕೇಳಿದ. ಒಳ್ಳೆಯ ಪ್ರಶ್ನೆ. ಸಿಲಿಂಡರಿನ ಭಾರೀ ಒತ್ತಡದ ಗಾಳಿಯನ್ನು ನಾವು ಎಳೆದಷ್ಟೇ, ಅಲ್ಲಿನ ಆಳಕ್ಕೆ ತಕ್ಕಂತೆ ಬಾಯಿಗೆ ಕೊಡುವ ಯಂತ್ರ ಅದು. 1943ರಲ್ಲಿ ಫ್ರಾನ್ಸಿನ ಜಾಕ್ ಕುಸ್ತೋ ಮತ್ತು ಎಮಿಲ್ ಗಾನ್ಯಾ ಅದನ್ನು ಸರಿಯಾಗಿ ರೂಪಿಸಿದ ಮೇಲೆಯೇ ಸಾಮಾನ್ಯ ಜನರಿಗೆ ಸ್ಕೂಬಾ ಸಾಧ್ಯವಾದದ್ದು. ಪ್ರಾಣ ಇರುವುದೇ ಅದರಲ್ಲಿ, ನಿಜ. ಅದಕ್ಕೇ ಹೇಳುವುದು, ವರ್ಷಕ್ಕೆ ನಾಲ್ಕು ದಿನ ಮುಳುಗುವವನು ಅದನ್ನು ಕೊಳ್ಳಬಾರದೆಂದು. ಉಪ್ಪುನೀರು ಕಂಡ ರೆಗ್ಯುಲೇಟರ್ ಹನ್ನೊಂದು ತಿಂಗಳು ಕಪಾಟಿನಲ್ಲಿ ಬಿದ್ದರೆ ಒಳಗೆ ಉಪ್ಪು ಗಟ್ಟಿಯಾಗುತ್ತದೆ, ರಬ್ಬರಿನ ಉಂಗುರಗಳು ಒಣಗುತ್ತವೆ. ಸಾಮಾನ್ಯವಾಗಿ ವರ್ಷಕ್ಕೊಮ್ಮೆ ತಿಳಿದವರಿಂದ ಸರ್ವಿಸ್ ಮಾಡಿಸಬೇಕು. ದಿನವೂ ಬಳಸಿ, ತೊಳೆದು, ಕಾಲಕಾಲಕ್ಕೆ ಸರ್ವಿಸ್ ಮಾಡಿಸುವ ಒಳ್ಳೆಯ ಕೇಂದ್ರದ ರೆಗ್ಯುಲೇಟರ್ ಅದಕ್ಕಿಂತ ನಂಬಿಕೆಗೆ ಅರ್ಹ. ಅಲ್ಲಿ ಸರ್ವಿಸ್ ಯಾವಾಗ ಆಯಿತೆಂದು ಕೇಳಲು ಸಂಕೋಚ ಬೇಡ. ನೀರಿಗಿಳಿಯುವ ಮುಂಚೆ ಮಾಪಕವನ್ನು ನೋಡುತ್ತಾ ನಾಲ್ಕು ಸಲ ಉಸಿರೆಳೆಯಿರಿ. ಪ್ರತಿ ಉಸಿರಿಗೂ ಮುಳ್ಳು ಕುಸಿದು ಮತ್ತೆ ಏರುತ್ತಿದ್ದರೆ ಸಿಲಿಂಡರಿನ ಕವಾಟ ಪೂರ್ತಿ ತೆರೆದಿಲ್ಲವೆಂದರ್ಥ. ಗಾಳಿಗೆ ಎಣ್ಣೆಯ ಅಥವಾ ಹೊಗೆಯ ವಾಸನೆಯಿದ್ದರೆ ಆ ಸಿಲಿಂಡರ್ ಬೇಡವೆನ್ನಿ. ಜೊತೆಗಾರನಿಗೆಂದು ಇರುವ ಎರಡನೆಯ ಬಾಯಿತುಂಡು, ಹೆಚ್ಚಾಗಿ ಹಳದಿ ಬಣ್ಣದ್ದು, ಅದನ್ನೂ ಒಮ್ಮೆ ಎಳೆದು ನೋಡಿ.

ಸಿಲಿಂಡರ್ ಕೊಳ್ಳುವ ಮಾತೇ ಬೇಡ. ಎಲ್ಲೆಡೆ ಬಳಸುವ ಅಲ್ಯುಮಿನಿಯಂ ಸಿಲಿಂಡರ್ ಖಾಲಿಯಿದ್ದಾಗಲೇ ಸುಮಾರು 14 ಕಿಲೋ ತೂಗುತ್ತದೆ. ಗಲ್ಫ್‌ನಿಂದ ಬರುವಾಗ ಲಗೇಜಿನ ಒಂದೊಂದು ಕಿಲೋಗೂ ಲೆಕ್ಕ ಹಾಕುವವರು ನಾವು. ಗಾಳಿ ತುಂಬಿ ತೇಲಲು ಸಹಾಯ ಮಾಡುವ ಜಾಕೆಟ್ಟೂ ಭಾರವೇ, ಅದು ಬಾಡಿಗೆಗೇ ಇರಲಿ. ನಮ್ಮ ಕಡೆಯ ನೀರು ಬೆಚ್ಚಗಿರುವುದರಿಂದ ಉಡುಪಿಗೂ ಬಾಡಿಗೆ ಸಾಕು, ಇನ್ನೊಬ್ಬರು ತೊಟ್ಟದ್ದು ಬೇಡವೆನಿಸುವವರು ಒಳಗೆ ತೊಡಲು ತೆಳುವಾದ ಪೂರ್ಣ ತೋಳಿನ ಈಜು ಉಡುಪು ತಂದುಕೊಳ್ಳಬಹುದು.

ಮಾಸ್ಕ್ ಕೊಂಡ ಮೇಲೂ ಕೈ ತುರಿಸುತ್ತಿದ್ದರೆ? ಒಂದು ಸೀಟಿ ಮತ್ತು ಮೇಲೆ ಬಂದಾಗ ಊದಿ ನಿಲ್ಲಿಸುವ ಬಣ್ಣದ ಉದ್ದ ಬಲೂನು ಕೊಳ್ಳಿ, ಇವೆರಡೂ ಮಾಸ್ಕಿಗಿಂತ ಅಗ್ಗ. ಅಲೆಯಿರುವಾಗ ನೀರಿನ ಮೇಲೆ ಬರಿಯ ತಲೆ ದೋಣಿಯವರಿಗೆ ಕಾಣುವುದಿಲ್ಲ. ಬಲೂನನ್ನು ಬಳಸುವುದನ್ನು ಕೋರ್ಸಿನಲ್ಲೇ ಹೇಳಿಸಿಕೊಳ್ಳಿ. ಮುಂದೆಯೂ ಡೈವಿಂಗ್ ಮಾಡುವುದು ಖಚಿತವಾದರೆ ನಂತರದ ಸರದಿ ಆಳ ಮತ್ತು ಸಮಯದ ಲೆಕ್ಕವಿಡುವ ಕೈಗಡಿಯಾರದಂಥ ಕಂಪ್ಯೂಟರಿನದ್ದು. ಅದು ಒಬ್ಬೊಬ್ಬರಿಗೆ ಒಂದೊಂದು ಬೇಕು, ಗಂಡನ ಕಂಪ್ಯೂಟರ್ ಹೆಂಡತಿಯ ಆಳವನ್ನು ಹೇಳುವುದಿಲ್ಲ. ಕಾಲಿನ ಫಿನ್ಸ್ ಅದಾದ ಮೇಲೆ. ಇಡೀ ಸೆಟ್ಟಿನ ರಿಯಾಯಿತಿ ಮುಂದಿನ ವರ್ಷವೂ ಇರುತ್ತದೆ, ಅಂಗಡಿಯವರ ರಿಯಾಯಿತಿ ಎಂದಾದರೂ ಮುಗಿದದ್ದುಂಟೇ? ಉಳಿದ ಹಣದಲ್ಲಿ ಸ್ವಲ್ಪವನ್ನು ಡೈವಿಂಗ್ ಅಪಘಾತಕ್ಕೂ ಅನ್ವಯಿಸುವ ವಿಮೆಗೆ ಕೊಡಿ. ಸಾಮಾನ್ಯ ಪ್ರವಾಸ ವಿಮೆಯಲ್ಲಿ ಅನೇಕ ಸಲ ಅದು ಸೇರಿರುವುದಿಲ್ಲ.

ಮಳೆಗಾಲದಲ್ಲಿ ನೇತ್ರಾಣಿಗೆ ದೋಣಿ ಹೋಗುವುದಿಲ್ಲ, ಡಿಸೆಂಬರ್ ಒಳ್ಳೆಯ ಸಮಯ. ದಡದಿಂದ ದ್ವೀಪಕ್ಕೆ ಸುಮಾರು 20 ಕಿಲೋಮೀಟರ್. ಮಾಸ್ಕನ್ನು ಅದರ ಗಟ್ಟಿ ಡಬ್ಬಿಯಲ್ಲೇ ಒಯ್ಯಿರಿ, ಭಾರದ ಸಾಮಾನಿನಡಿ ಸಿಕ್ಕಿ ಅಂಚು ಸೊಟ್ಟಗಾದರೆ ಅದು ಮತ್ತೆ ಮೊದಲಿನಂತೆ ಕೂರುವುದಿಲ್ಲ. ಸಂಜೆ ಸಿಹಿನೀರಿನಲ್ಲಿ ಅದ್ದಿ ನೆರಳಲ್ಲಿ ಒಣಗಿಸಿ.

ಇನ್ನು ಟಿಕೆಟಿನ ವಿಷಯ. ನೀರಿನೊಳಗೆ ಉಸಿರಾಡಿದಾಗ ದೇಹದಲ್ಲಿ ಸೇರಿಕೊಂಡ ನೈಟ್ರೋಜನ್ ಮೆಲ್ಲಮೆಲ್ಲನೆ ಹೊರಹೋಗಬೇಕು. ಬೇಗನೆ ಎತ್ತರಕ್ಕೆ ಹೋದರೆ ಅದು ಗುಳ್ಳೆಗಳಾಗಿ ಕೀಲು, ನರಗಳಿಗೆ ಅಪಾಯ ತರುತ್ತದೆ. ಒಂದೇ ಡೈವ್ ಮಾಡಿದ್ದರೆ ವಿಮಾನ ಹತ್ತಲು ಕನಿಷ್ಠ 12 ಗಂಟೆ, ಹಲವು ಡೈವ್ ಅಥವಾ ಹಲವು ದಿನ ಮಾಡಿದ್ದರೆ ಕನಿಷ್ಠ 18 ಗಂಟೆ ಕಾಯಬೇಕೆಂಬುದು ಒಪ್ಪಿತ ಸಲಹೆ. ಆದ್ದರಿಂದ ಡೈವಿಂಗ್ ರಜೆಯ ಮೊದಲ ವಾರದಲ್ಲಿರಲಿ, ಕೊನೆಯ ದಿನಗಳಲ್ಲಿ ಬೇಡ. ವಿಮಾನ ಮಾತ್ರವಲ್ಲ, ನಮ್ಮಲ್ಲಿ ಘಟ್ಟ ಹತ್ತುವುದೂ ಎತ್ತರಕ್ಕೆ ಹೋಗುವುದೇ. ಮಧ್ಯಾಹ್ನ ದೋಣಿಯಿಂದಿಳಿದು ಅದೇ ಸಂಜೆ ಗೇರುಸೊಪ್ಪೆ ಘಟ್ಟ ಹತ್ತಿ ಜೋಗಕ್ಕೋ ಶಿವಮೊಗ್ಗಕ್ಕೋ ಹೊರಡುವವರು ಆ ಯೋಜನೆಯನ್ನು ತರಬೇತುದಾರರಿಗೆ ಮೊದಲೇ ತಿಳಿಸಿ, ಆ ರಾತ್ರಿ ಮುರುಡೇಶ್ವರದಲ್ಲೇ ಉಳಿದು ಮರುದಿನ ಊಟ ಮಾಡಿ ಹೊರಡುವುದು ಒಳ್ಳೆಯದು.